ತೂಕ ಇಳಿಸುವ ವಾರದ ಇಂಜೆಕ್ಷನ್: ಡೋಸ್, ಸಿರಿಂಜ್, ಫ್ರಿಜ್, ಊಟ

ಮೌಂಜಾರೊ ಹೆಸರಿನ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಆದ ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಬಂತು. ಸೆಮಾಗ್ಲುಟೈಡ್‌ನ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ ಇದ್ದದ್ದರಿಂದ, ಆಮೇಲೆ ಬೇರೆ ಕಂಪನಿಗಳಿಗೂ ಬಾಗಿಲು ತೆರೆಯಿತು. ಎರಡೂ ವಾರಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳುವ ಔಷಧಗಳು. ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ.

ಇವುಗಳಿಂದ ಆಗುವ ತೊಂದರೆಗಳಲ್ಲಿ ಬಹಳಷ್ಟು ತಪ್ಪಿಸಬಹುದಾದವು. ಡೋಸನ್ನು ಬೇಗ ಏರಿಸುವುದು, ಸಿರಿಂಜಿನಲ್ಲಿ ತಪ್ಪು ಅಳತೆ, ಮೊದಲಿನಿಂದ ನುಂಗುತ್ತಿರುವ ಮಾತ್ರೆಗಳನ್ನು ಸರಿಹೊಂದಿಸದೇ ಬಿಡುವುದು, ಊಟ ಕಡಿಮೆಯಾದಾಗ ಏನು ತಿನ್ನಬೇಕೆಂದು ಯೋಚಿಸದಿರುವುದು. ಈ ಬರಹ ಮುಖ್ಯವಾಗಿ ಈ ನಾಲ್ಕರ ಬಗ್ಗೆ.

ಶುರು ಮಾಡುವ ಮೊದಲು

ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ, ಇಲ್ಲವೇ 27ರ ಮೇಲಿದ್ದು ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆಯಂಥದ್ದು ಇದ್ದವರಿಗೆ ಇರುವ ಔಷಧಗಳಿವು. 160 ಸೆಂ.ಮೀ. ಎತ್ತರದವರಿಗೆ ಲೆಕ್ಕ ಹಾಕಿದರೆ 27 ಎಂದರೆ ಸುಮಾರು 69 ಕೆ.ಜಿ., 30 ಎಂದರೆ ಸುಮಾರು 77 ಕೆ.ಜಿ. ಮದುವೆ ಸೀಸನ್‌ಗೆ ಮುಂಚೆ ನಾಲ್ಕೈದು ಕೆ.ಜಿ. ಇಳಿಸಿಕೊಳ್ಳುವುದಕ್ಕೆ ಇದಲ್ಲ. ಹಾಗೆ ತೆಗೆದುಕೊಂಡವರಿಗೆ ಅಡ್ಡಪರಿಣಾಮ ಪೂರ್ತಿ ಸಿಗುತ್ತದೆ, ಲಾಭ ಮಾತ್ರ ನಿಲ್ಲಿಸಿದ ಕೂಡಲೇ ಕರಗುತ್ತದೆ.

ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಥೈರಾಯ್ಡ್‌ನ ಮೆಡ್ಯುಲರಿ ಕ್ಯಾನ್ಸರ್ ಬಂದಿದ್ದರೆ, ಅಥವಾ ಎಂಇಎನ್-2 ಎಂಬ ವಂಶವಾಹಿ ಕಾಯಿಲೆ ಇದ್ದರೆ ಇವು ಬೇಡ. ಸಾಮಾನ್ಯ ಹೈಪೋಥೈರಾಯ್ಡ್ ಅದಲ್ಲ; ಥೈರಾಯ್ಡ್ ಮಾತ್ರೆ ನುಂಗುವವರು ಹೆದರಬೇಕಿಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು ತೆಗೆದುಕೊಳ್ಳಬಾರದು. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದ್ದವರು, ಹೊಟ್ಟೆ ಖಾಲಿಯಾಗದ ಗ್ಯಾಸ್ಟ್ರೋಪರೇಸಿಸ್ ಇರುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು ಅದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳಲಿಲ್ಲವೆಂದು ಸುಮ್ಮನಿರುವಂತಿಲ್ಲ.

ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಕಿಡ್ನಿಯದ್ದು), ಲಿವರ್ ಪರೀಕ್ಷೆ, ಟಿಎಸ್‌ಎಚ್ (ಥೈರಾಯ್ಡ್‌ನದ್ದು), ಕೊಲೆಸ್ಟರಾಲ್ ಇವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಆಧಾರ ಇರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕಣ್ಣಿನ ರೆಟಿನಾ ತಪಾಸಣೆಯೂ ಬೇಕು: ಮೊದಲೇ ರೆಟಿನೋಪತಿ (ಸಕ್ಕರೆಯಿಂದ ರೆಟಿನಾಗೆ ಆದ ಹಾನಿ) ಇದ್ದು, ಸಕ್ಕರೆ ಏಕಾಏಕಿ ಇಳಿದರೆ ಅದು ಕೆಲಕಾಲ ಉಲ್ಬಣಿಸಬಹುದು.

ಡೋಸಿನ ಮೆಟ್ಟಿಲು

ಸೆಮಾಗ್ಲುಟೈಡ್: ವಾರಕ್ಕೆ 0.25 ಮಿ.ಗ್ರಾಂ ನಾಲ್ಕು ವಾರ, ಮುಂದಿನ ನಾಲ್ಕು ವಾರ 0.5, ಆಮೇಲೆ ನಾಲ್ಕು ನಾಲ್ಕು ವಾರ 1, 1.7, ಕೊನೆಗೆ 2.4. ಟಿರ್ಜೆಪಟೈಡ್: 2.5 ಮಿ.ಗ್ರಾಂ ನಾಲ್ಕು ವಾರ, ನಂತರ 5. ಅಲ್ಲಿಂದ ಮೇಲೆ ಬೇಕಿದ್ದರೆ ಪ್ರತಿ ಸಲ 2.5ರಂತೆ, ನಾಲ್ಕು ವಾರಕ್ಕಿಂತ ಮುಂಚೆ ಅಲ್ಲ, ಗರಿಷ್ಠ 15.

ನಾಲ್ಕು ವಾರವೇ ಏಕೆ? ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡ್‌ಗೆ ಸುಮಾರು ಐದು ದಿನ. ಹಿಂದಿನ ವಾರದ್ದು ಪೂರ್ತಿ ಹೋಗುವ ಮೊದಲೇ ಹೊಸದು ಸೇರುತ್ತದೆ. ಹೀಗೆ ರಕ್ತದಲ್ಲಿ ಮಟ್ಟ ಏರುತ್ತಾ ಹೋಗಿ ನಾಲ್ಕೈದು ವಾರಕ್ಕೆ ಒಂದೆಡೆ ನಿಲ್ಲುತ್ತದೆ. ಎರಡನೇ ವಾರ "ಏನೂ ಆಗ್ತಿಲ್ಲ" ಎಂದು ಡೋಸ್ ಏರಿಸಿದವರಿಗೆ ಹಳೆ ಡೋಸಿನ ಪೂರ್ತಿ ಬಲ ಇನ್ನೂ ಬಂದೇ ಇರುವುದಿಲ್ಲ. ಮೂರು ವಾರದ ಹೊತ್ತಿಗೆ ಎರಡೂ ಸೇರಿ ವಾಂತಿ ಹಿಡಿಯುತ್ತದೆ. ಚುಚ್ಚಿದ್ದನ್ನು ಹೊರಗೆ ತೆಗೆಯುವ ಪ್ರತಿಮದ್ದು ಇಲ್ಲ, ದಿನಗಟ್ಟಲೆ ತಾಳಿಕೊಳ್ಳಬೇಕು.

ಮೊದಲ ಡೋಸ್ ಹೊಟ್ಟೆಯನ್ನು ಒಗ್ಗಿಸಲು ಮಾತ್ರ ಇರುವಂಥದ್ದು. ಆ ತಿಂಗಳು ತೂಕ ಇಳಿಯದಿದ್ದರೆ ಔಷಧ ಸೋತಿತು ಎಂದಲ್ಲ. ಹಾಗೆಯೇ 5 ಮಿ.ಗ್ರಾಂನಲ್ಲಿ ತೂಕ ಚೆನ್ನಾಗಿ ಇಳಿಯುತ್ತಿದ್ದರೆ 15ಕ್ಕೆ ಏರಲೇಬೇಕೆಂಬ ನಿಯಮವಿಲ್ಲ. ಟಿರ್ಜೆಪಟೈಡ್‌ನ ಸರ್ಮೌಂಟ್-1 ಪ್ರಯೋಗದಲ್ಲಿ 72 ವಾರಕ್ಕೆ ಸರಾಸರಿ ಇಳಿಕೆ 5 ಮಿ.ಗ್ರಾಂನಲ್ಲಿ ಶೇ 15, 15 ಮಿ.ಗ್ರಾಂನಲ್ಲಿ ಶೇ 20.9. ಮೂರು ಪಟ್ಟು ಡೋಸಿಗೆ ಮೂರು ಪಟ್ಟು ಫಲವಿಲ್ಲ.

ಮರೆತರೆ: ಸೆಮಾಗ್ಲುಟೈಡ್ ಆದರೆ ತಪ್ಪಿದ ದಿನದಿಂದ ಐದು ದಿನದೊಳಗೆ, ಟಿರ್ಜೆಪಟೈಡ್ ಆದರೆ ನಾಲ್ಕು ದಿನದೊಳಗೆ ನೆನಪಾದಾಗ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರದ್ದನ್ನು ಬಿಟ್ಟು ಮುಂದಿನ ನಿಗದಿತ ದಿನಕ್ಕೆ ಕಾಯಿರಿ. ಎರಡನ್ನು ಒಟ್ಟಿಗೆ ಚುಚ್ಚಿಕೊಳ್ಳುವುದು ಯಾವತ್ತೂ ಬೇಡ. ವಾರದ ದಿನ ಬದಲಿಸುವುದಾದರೆ ಎರಡು ಇಂಜೆಕ್ಷನ್ ನಡುವೆ ಮೂರು ದಿನವಾದರೂ ಇರಲಿ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಬಿಟ್ಟುಹೋಗಿದ್ದರೆ ನೇರವಾಗಿ ಹಳೆಯ ದೊಡ್ಡ ಡೋಸಿಗೆ ಮರಳಬೇಡಿ, ವೈದ್ಯರನ್ನು ಕೇಳಿ. ಹೊಟ್ಟೆಯ ಒಗ್ಗಿಕೆ ಅಷ್ಟರಲ್ಲಿ ಹೋಗಿರುತ್ತದೆ, ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತಬೇಕಾಗಬಹುದು.

ಯು-40, ಯು-100: ಇಲ್ಲಿ ಎರಡು ಸಲ ನೋಡಿ

ಇಂಜೆಕ್ಷನ್ ಪೆನ್ ಬಳಸುವವರಿಗೆ ಈ ಭಾಗ ಅಷ್ಟಾಗಿ ಬೇಕಿಲ್ಲ. ವಯಲ್‌ನಿಂದ (ಔಷಧದ ಪುಟ್ಟ ಬಾಟಲಿಯಿಂದ) ಸಿರಿಂಜಿಗೆ ಎಳೆದುಕೊಳ್ಳುವವರು ಮಾತ್ರ ನಿಧಾನವಾಗಿ ಓದಬೇಕು.

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100. ಯು-40ರಲ್ಲಿ 40 ಎಂಬ ಅಂಕಿಗೆ ಒಂದು ಮಿ.ಲೀ., ಯು-100ರಲ್ಲಿ 100 ಎಂಬ ಅಂಕಿಗೆ ಒಂದು ಮಿ.ಲೀ. ಅಂದರೆ ಒಂದೇ ಅಂಕಿಯವರೆಗೆ ಎಳೆದರೂ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡೂವರೆ ಪಟ್ಟು ಹೆಚ್ಚು ದ್ರವ ಬರುತ್ತದೆ. ಯಾರೋ ವಿಡಿಯೋದಲ್ಲಿ "20 ಯೂನಿಟ್" ಎಂದದ್ದು ಯು-100ರ ಲೆಕ್ಕದಲ್ಲಿ 0.2 ಮಿ.ಲೀ.; ಮನೆಯಲ್ಲಿ ಅಜ್ಜಿಯ ಇನ್ಸುಲಿನ್‌ಗೆಂದು ತಂದ ಯು-40ರಲ್ಲಿ ಅದೇ 20 ಎಂದರೆ 0.5 ಮಿ.ಲೀ.

ಆದ್ದರಿಂದ ಈ ಔಷಧಕ್ಕೆ "ಎಷ್ಟು ಯೂನಿಟ್" ಎಂದು ಕೇಳುವುದನ್ನೇ ಬಿಡಿ. ಯೂನಿಟ್ ಎನ್ನುವುದು ಇನ್ಸುಲಿನ್‌ನ ಅಳತೆ. ಎಷ್ಟು ಮಿ.ಗ್ರಾಂ, ಅದು ಎಷ್ಟು ಮಿ.ಲೀ. ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಟಿರ್ಜೆಪಟೈಡ್‌ನ ಒಂದು ಡೋಸಿನ ವಯಲ್‌ನಲ್ಲಿ 2.5 ಮಿ.ಗ್ರಾಂ ಇರಲಿ, 5 ಇರಲಿ, ಚುಚ್ಚಿಕೊಳ್ಳುವ ದ್ರವ 0.5 ಮಿ.ಲೀ. ಯು-100 ಸಿರಿಂಜಿನಲ್ಲಿ ಅದು 50 ಎಂದು ಅಂಕಿ ಬರೆದಿರುವ ಗೆರೆ. ಮಿ.ಲೀ. ಗೆರೆಗಳೇ ಇರುವ 1 ಮಿ.ಲೀ. ಸಿರಿಂಜ್ ಸಿಕ್ಕರೆ ಅದೇ ಒಳ್ಳೆಯದು, ಗೊಂದಲಕ್ಕೆ ಎಡೆಯೇ ಇಲ್ಲ. ವಯಲ್‌ನಲ್ಲಿ 0.5ಕ್ಕಿಂತ ತುಸು ಹೆಚ್ಚೇ ತುಂಬಿರುತ್ತಾರೆ. ಉಳಿದ ಹನಿಗಳನ್ನು ಕೂಡಿಟ್ಟು ಇನ್ನೊಂದು ಡೋಸ್ ಮಾಡುವ ಉಪಾಯ ಬೇಡ. ಒಂದೇ ಬಳಕೆಯ ವಯಲ್‌ಗೆ ಸೂಜಿ ಹೋದ ಮೇಲೆ ಅದು ಸುರಕ್ಷಿತವಲ್ಲ.

ಬಿಡುಗಡೆಯಾದಾಗ 2.5 ಮಿ.ಗ್ರಾಂ ವಯಲ್‌ಗೆ 3,500 ರೂಪಾಯಿ, 5 ಮಿ.ಗ್ರಾಂಗೆ 4,375 ರೂಪಾಯಿ ಇತ್ತು. ಡೋಸ್ ಇಮ್ಮಡಿ, ಬೆಲೆ ಮಾತ್ರ ಕಾಲು ಭಾಗ ಹೆಚ್ಚು. ದೊಡ್ಡದನ್ನು ತಂದು ಎರಡು ಪಾಲು ಮಾಡುವ ಆಸೆ ಹುಟ್ಟುವುದೇ ಇಲ್ಲಿಂದ. ಹೆಚ್ಚಿನ ಬಲದ ಪೆನ್ ಕೊಂಡು, "ಕ್ಲಿಕ್" ಎಣಿಸಿ ಡೋಸಿನ ಒಂದು ಪಾಲನ್ನಷ್ಟೇ ಚುಚ್ಚಿಕೊಳ್ಳುವುದೂ ಇದೇ ಲೆಕ್ಕಾಚಾರ. ಡೋಸ್ ಎಷ್ಟಾಯಿತೆಂದು ಖಾತ್ರಿಯಿಲ್ಲ, ತೆರೆದ ಪೆನ್ನಿನ ಅವಧಿ ಮೀರುತ್ತದೆ, ಸೋಂಕಿನ ಭಯ ಬೇರೆ. ಖರ್ಚು ಹೊರೆಯಾಗುತ್ತಿದ್ದರೆ ಕಡಿಮೆ ಡೋಸಿನಲ್ಲೇ ನಿಲ್ಲಬಹುದೇ, ಬೇರೆ ಬ್ರ್ಯಾಂಡ್ ಆಗಬಹುದೇ ಎಂದು ವೈದ್ಯರ ಬಳಿ ಬಾಯಿಬಿಟ್ಟು ಕೇಳುವುದು ಮೇಲು.

ಚುಚ್ಚಿಕೊಳ್ಳುವುದು

ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟರೆ ಉರಿ ಕಡಿಮೆ. ದ್ರವ ತಿಳಿಯಾಗಿರಬೇಕು; ಟಿರ್ಜೆಪಟೈಡ್‌ಗೆ ತುಸು ಹಳದಿ ಛಾಯೆ ಇದ್ದರೆ ಅಡ್ಡಿಯಿಲ್ಲ. ಕದಡಿದ್ದರೆ, ಕಣ ತೇಲುತ್ತಿದ್ದರೆ ಬಳಸಬೇಡಿ.

1. ಸೋಪಿನಿಂದ ಕೈ ತೊಳೆದು, ಹೆಸರು, ಮಿ.ಗ್ರಾಂ, ಎಕ್ಸ್‌ಪೈರಿ ಗಟ್ಟಿಯಾಗಿ ಓದಿಕೊಳ್ಳಿ.
2. ವಯಲ್ ಆದರೆ ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ ಒಣಗಲು ಬಿಡಿ. ಸಿರಿಂಜಿಗೆ 0.5 ಮಿ.ಲೀ. ಗಾಳಿ ಎಳೆದು ವಯಲ್ ಒಳಗೆ ತಳ್ಳಿ, ತಲೆಕೆಳಗು ಮಾಡಿ, ಸೂಜಿಯ ತುದಿ ದ್ರವದೊಳಗೇ ಇರುವಂತೆ 0.5 ಮಿ.ಲೀ. ಎಳೆಯಿರಿ. ಗಾಳಿ ತಳ್ಳದಿದ್ದರೆ ಒಳಗೆ ನಿರ್ವಾತವಾಗಿ ದ್ರವ ಸರಿಯಾಗಿ ಬರುವುದಿಲ್ಲ. ಗುಳ್ಳೆ ಬಂದರೆ ಬೆರಳಿನಿಂದ ತಟ್ಟಿ, ಮೇಲೆ ಬಂದ ಗಾಳಿಯನ್ನು ಹಿಂದಕ್ಕೆ ತಳ್ಳಿ, ಮತ್ತೆ ಅಳತೆ ನೋಡಿ.
3. ಪೆನ್ ಆದರೆ ಪ್ರತಿ ಸಲ ಹೊಸ ಸೂಜಿ. ಮೌಂಜಾರೊ ಕ್ವಿಕ್‌ಪೆನ್ನನ್ನು ಪ್ರತಿ ಇಂಜೆಕ್ಷನ್‌ಗೂ ಮುಂಚೆ ಪ್ರೈಮ್ ಮಾಡಬೇಕು, ಅಂದರೆ ತುಸು ದ್ರವ ಹೊರಬಿಟ್ಟು ಗಾಳಿ ತೆಗೆಯಬೇಕು. ವೆಗೋವಿಯ ಫ್ಲೆಕ್ಸ್‌ಟಚ್‌ಗೆ ಹೊಸ ಪೆನ್ ತೆರೆದಾಗ ಒಮ್ಮೆ ಹರಿವು ನೋಡಿದರೆ ಸಾಕು.
4. ಜಾಗ: ಹೊಕ್ಕುಳಿನಿಂದ ಎರಡು ಇಂಚು ಬಿಟ್ಟು ಹೊಟ್ಟೆ, ಇಲ್ಲವೇ ತೊಡೆಯ ಮುಂಭಾಗ. ತೋಳಿನ ಹಿಂಭಾಗಕ್ಕಾದರೆ ಇನ್ನೊಬ್ಬರು ಕೊಡುವುದು ಸಲೀಸು. ಪ್ರತಿ ವಾರ ಜಾಗ ಬದಲಿಸಿ, ಗಾಯದ ಕಲೆ ಅಥವಾ ಗಂಟು ಇರುವಲ್ಲಿ ಬೇಡ.
5. ಚರ್ಮವನ್ನು ಸ್ವಾಬ್‌ನಿಂದ ಒರೆಸಿ, ಒಣಗಿದ ಮೇಲೆ ಚುಚ್ಚಿ, ಗುಂಡಿಯನ್ನು ಪೂರ್ತಿ ಒತ್ತಿ. ಫ್ಲೆಕ್ಸ್‌ಟಚ್‌ನಲ್ಲಿ ಅಂಕಿ ಸೊನ್ನೆಗೆ ಬಂದ ಮೇಲೂ ನಿಧಾನವಾಗಿ ಆರರವರೆಗೆ ಎಣಿಸಿ, ಆಮೇಲೆ ಸೂಜಿ ತೆಗೆಯಿರಿ, ಕ್ವಿಕ್‌ಪೆನ್‌ನಲ್ಲಿ ಐದರವರೆಗೆ. ಬೇಗ ತೆಗೆದರೆ ಔಷಧ ಚರ್ಮದ ಮೇಲೇ ಸೋರುತ್ತದೆ. ಚರ್ಮದ ಮೇಲೆ ಒಂದು ಹನಿ ಕಂಡರೆ ಗಾಬರಿ ಬೇಡ. ಧಾರೆ ಕಂಡರೂ ಮತ್ತೊಂದು ಡೋಸ್ ಹಾಕಿಕೊಳ್ಳಬೇಡಿ, ಮುಂದಿನ ವಾರ ಎಂದಿನ ಡೋಸನ್ನೇ ಸರಿಯಾಗಿ ಚುಚ್ಚಿಕೊಂಡರಾಯಿತು.

ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಡಬಾರದು, ದ್ರವ ಸೋರಿ ಗಾಳಿ ಸೇರುತ್ತದೆ. ನಾಲ್ಕು ಡೋಸ್ ಮುಗಿದ ಮೇಲೂ ಕ್ವಿಕ್‌ಪೆನ್‌ನಲ್ಲಿ ತುಸು ದ್ರವ ಕಾಣಿಸುತ್ತದೆ. ಅದು ಪ್ರೈಮ್ ಲೆಕ್ಕಕ್ಕೆ ಇಟ್ಟದ್ದು, ಐದನೇ ಡೋಸಲ್ಲ. ಸೂಜಿ ಬದಲಿಸಿದರೂ ಗಂಡ-ಹೆಂಡತಿ ಒಂದೇ ಪೆನ್ ಹಂಚಿಕೊಳ್ಳುವಂತಿಲ್ಲ, ಪೆನ್ನಿನೊಳಗೆ ರಕ್ತದ ಅಂಶ ಹಿಂದಕ್ಕೆ ಹೋಗಬಲ್ಲದು. ಇನ್ಸುಲಿನ್ ಕೂಡ ತೆಗೆದುಕೊಳ್ಳುವವರು ಎರಡನ್ನು ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ಹೊಟ್ಟೆಯ ಮೇಲೆಯೇ ಆದರೂ ದೂರದೂರ ಚುಚ್ಚಿ.

ಫ್ರಿಜ್, ಕರೆಂಟು, ಪ್ರಯಾಣ

ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್‌ನ ನಡು ಅಂಕಣದಲ್ಲಿ. ಬಾಗಿಲಿನಲ್ಲಿಟ್ಟರೆ ತೆರೆದಾಗಲೆಲ್ಲ ಬಿಸಿ ತಾಗುತ್ತದೆ. ಫ್ರೀಜರ್‌ನ ಬುಡಕ್ಕೆ ಅಥವಾ ಹಿಂಗೋಡೆಗೆ ತಾಗಿಸಿದರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ತಿಳಿಯಾಗಿ ಕಂಡರೂ ಎಸೆಯಲೇಬೇಕು.

ಟಿರ್ಜೆಪಟೈಡ್ ವಯಲ್ 30 ಡಿಗ್ರಿ ಮೀರದ ಕಡೆ ಒಟ್ಟು 21 ದಿನ ಹೊರಗಿರಬಹುದು. ಬಳಸಲು ತೊಡಗಿದ ಕ್ವಿಕ್‌ಪೆನ್ 30 ದಿನ, ವೆಗೋವಿ ಪೆನ್ ಆರು ವಾರ. "ರೂಮ್ ಟೆಂಪರೇಚರ್" ಎಂದು ಡಬ್ಬಿಯ ಮೇಲೆ ಓದಿ ಮೋಸಹೋಗಬೇಡಿ: ಅದು 30 ಡಿಗ್ರಿಯ ಮಾತು. ಏಪ್ರಿಲ್, ಮೇನಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿಯ ಕೋಣೆಗೆ ಅದು ಹೊಂದುವುದಿಲ್ಲ. ಎರಡು-ಮೂರು ಗಂಟೆ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆರೆಯದಿದ್ದರೆ ಸಾಕು.

ರಾತ್ರಿ ಬಸ್ಸಿನ ಪ್ರಯಾಣಕ್ಕೆ ಇನ್ಸುಲಿನ್ ಪೌಚ್ ಚೆನ್ನ. ಐಸ್ ಪ್ಯಾಕ್ ಮತ್ತು ಪೆನ್ ನಡುವೆ ಬಟ್ಟೆ ಇರಲಿ. ವಿಮಾನವಾದರೆ ಕೈಚೀಲದಲ್ಲೇ ಒಯ್ಯಿರಿ, ಚೀಟಿಯೂ ಜೊತೆಗಿರಲಿ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟದ್ದು ಕೆಟ್ಟಿತೆಂದೇ ತಿಳಿಯಿರಿ.

ಬೇರೆ ಮಾತ್ರೆಗಳ ಜೊತೆ

ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ಲೋ ಆಗುವ ಅಪಾಯ ನಿಜವಾದದ್ದು. ಎಷ್ಟೋ ಶುಗರ್ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಸೇರಿರುತ್ತದೆ; ಸ್ಟ್ರಿಪ್‌ನ ಹಿಂಬದಿ ಓದಿ. ಇಂಜೆಕ್ಷನ್ ಶುರುವಾಗುವಾಗಲೇ ಇವುಗಳ ಡೋಸ್ ತಗ್ಗಿಸಬೇಕೇ ಎಂದು ಕೇಳಿ. ನಡುಕ, ಬೆವರು, ತಲೆಸುತ್ತು ಬಂದು ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಬರೀ ಮೆಟ್‌ಫಾರ್ಮಿನ್ ಆದರೆ ಈ ಭಯ ಕಡಿಮೆ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ವಾಂತಿಯಿಂದ ಊಟವೇ ಸೇರದ ದಿನ ಆ ಮಾತ್ರೆಯನ್ನು ತಡೆದು ವೈದ್ಯರಿಗೆ ಫೋನ್ ಮಾಡಬೇಕು. ಸಕ್ಕರೆ ಅಂಕಿ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು. ಬಿಪಿ ಮಾತ್ರೆಯವರಿಗೆ ತೂಕ ಇಳಿದಂತೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಮಾತ್ರೆ ಈಗ ಹೆಚ್ಚಾಗಿರಬಹುದು, ವೈದ್ಯರನ್ನು ಕೇಳಿ. ಥೈರಾಯ್ಡ್ ಮಾತ್ರೆಯ ಡೋಸೂ ತೂಕದ ಜೊತೆ ಬದಲಾಗಬಹುದು.

ಟಿರ್ಜೆಪಟೈಡ್ ಜೊತೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಬಹುದು. ಶುರು ಮಾಡಿದ ನಾಲ್ಕು ವಾರ, ಆಮೇಲೆ ಪ್ರತಿ ಸಲ ಡೋಸ್ ಏರಿಸಿದ ನಾಲ್ಕು ವಾರ ಕಾಂಡೋಮ್ ಕೂಡ ಬಳಸಬೇಕು. ಪಿಸಿಓಎಸ್ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇರುವವರಿಗೆ ತೂಕ ಇಳಿದಾಗ ಮುಟ್ಟು ಸರಿಹೋಗಿ, "ನನಗೆ ಆಗೋದಿಲ್ಲ" ಎಂದುಕೊಂಡಿದ್ದ ಬಸಿರು ನಿಲ್ಲುವುದೂ ಉಂಟು. ಮಗು ಬೇಕೆಂದಿದ್ದರೆ ಸೆಮಾಗ್ಲುಟೈಡನ್ನು ಎರಡು ತಿಂಗಳು, ಟಿರ್ಜೆಪಟೈಡನ್ನು ಒಂದು ತಿಂಗಳು ಮುಂಚೆ ನಿಲ್ಲಿಸಬೇಕು.

ಆಪರೇಷನ್, ಎಂಡೋಸ್ಕೋಪಿ ಇದ್ದರೆ ಅರಿವಳಿಕೆ ಕೊಡುವವರಿಗೆ ಈ ಇಂಜೆಕ್ಷನ್ ವಿಷಯ, ಕೊನೆಯದಾಗಿ ಚುಚ್ಚಿಕೊಂಡ ದಿನ ಹೇಳಲೇಬೇಕು. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಕುತ್ತು.

ಊಟ

ವಾಕರಿಕೆ, ಹುಳಿತೇಗು, ಮಲಬದ್ಧತೆ ಹೆಚ್ಚಾಗಿ ಡೋಸ್ ಏರಿದ ಮೊದಲ ಒಂದೆರಡು ವಾರದ ಕಾಟ. ಔಷಧದ ಜೊತೆ ಹಳೆಯ ಊಟದ ಅಳತೆಯನ್ನೇ ಮುಂದುವರಿಸಿದರೆ ಅದು ಹೆಚ್ಚುತ್ತದೆ. ಬಾಳೆ ಎಲೆ ಊಟದಲ್ಲಿ ಬಡಿಸುವವರು "ಇನ್ನೊಂಚೂರು" ಎಂದಾಗ ಕೈ ಅಡ್ಡ ಹಿಡಿಯುವುದನ್ನು ಕಲಿಯಬೇಕು. ಹೊಟ್ಟೆ ತುಂಬಿತು ಅನ್ನಿಸಿದ ಮೇಲೆ ತಿಂದ ಎರಡು ತುತ್ತೇ ವಾಂತಿಯಾಗಿ ಬರುವುದು. ಬಜ್ಜಿ, ಬೋಂಡಾ, ಎಣ್ಣೆ ತೇಲುವ ಬಿರಿಯಾನಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂರುತ್ತವೆ. ಚುಚ್ಚಿಕೊಂಡ ದಿನ ಮತ್ತು ಮರುದಿನ ಅವನ್ನು ಬಿಟ್ಟರೆ ಅರ್ಧ ಕಾಟ ತಪ್ಪಿತು. ಊಟವಾದ ಕೂಡಲೇ ಮಲಗಬೇಡಿ.

ಹೆಚ್ಚು ಚಿಂತಿಸಬೇಕಾದದ್ದು ಪ್ರೋಟೀನ್. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಹಸಿವಿಲ್ಲವೆಂದು ಎರಡು ಇಡ್ಲಿ, ಸಂಜೆ ಕಾಫಿ, ರಾತ್ರಿ ಮೊಸರನ್ನದಲ್ಲಿ ದಿನ ದೂಡುವವರಿಗೆ ಆರು ತಿಂಗಳಲ್ಲಿ ಮೆಟ್ಟಿಲು ಹತ್ತುವ ಬಲ ಕುಗ್ಗುತ್ತದೆ, ಕೂದಲೂ ಉದುರುತ್ತದೆ. ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ ಒಂದು ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ಎರಡು ಮೊಟ್ಟೆಗೆ 12 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ ಸುಮಾರು 25, 50 ಗ್ರಾಂ ಬೇಳೆ ಅಥವಾ ಕಾಳಿಗೆ ಸುಮಾರು 12, ದೊಡ್ಡ ಬಟ್ಟಲು ಮೊಸರಿಗೆ ಆರೇಳು, ಒಂದು ಲೋಟ ಹಾಲಿಗೆ ಎಂಟು, 100 ಗ್ರಾಂ ಹಿಟ್ಟಿನ ರಾಗಿ ಮುದ್ದೆಗೆ ಏಳು. ಒಟ್ಟು 70 ಗ್ರಾಂ ಆಸುಪಾಸು. ಮೊಟ್ಟೆ ತಿನ್ನದವರು ಅದರ ಬದಲು 100 ಗ್ರಾಂ ಪನೀರ್ ತಿಂದರೆ 18. ತಟ್ಟೆಯಲ್ಲಿ ಕಾಳು ಪಲ್ಯ ಮೊದಲು, ಅನ್ನ ಕೊನೆಗೆ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕು, ಬರೀ ವಾಕಿಂಗ್ ಮಾಂಸಖಂಡ ಉಳಿಸುವುದಿಲ್ಲ.

ವಾಂತಿ-ಭೇದಿ ಇದ್ದಾಗ ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಗುಟುಕು ಗುಟುಕಾಗಿ ಕುಡಿಯಿರಿ. ಟೆಟ್ರಾ ಪ್ಯಾಕ್‌ನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಏಕಾದಶಿ, ರಂಜಾನ್ ಉಪವಾಸಕ್ಕೆ ಕೂರುವ ಮಧುಮೇಹಿಗಳು ಗ್ಲಿಮೆಪಿರೈಡ್, ಇನ್ಸುಲಿನ್ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳಬೇಕು.

ತಡಮಾಡದೆ ಆಸ್ಪತ್ರೆಗೆ

ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ನೋವು ಹಿಡಿದು ಬೆನ್ನಿಗೆ ಹರಿದರೆ ಅದು ಮೇದೋಜೀರಕದ ಊತ ಇರಬಹುದು. "ಗ್ಯಾಸ್" ಎಂದು ಸೋಡಾ ಕುಡಿದು ರಾತ್ರಿ ಕಳೆಯಬೇಡಿ. ಬಲ ಪಕ್ಕೆಲುಬಿನಡಿ ನೋವು, ಜ್ವರ, ಕಣ್ಣು ಹಳದಿ ಎಂದರೆ ಪಿತ್ತಕೋಶದ ಕಲ್ಲು ಇರಬಹುದು. ತೂಕ ವೇಗವಾಗಿ ಇಳಿದಷ್ಟೂ ಇದರ ಸಾಧ್ಯತೆ ಹೆಚ್ಚು. ಒಂದು ದಿನವಿಡೀ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳುವ ಮೊದಲೇ ಡ್ರಿಪ್ ಬೇಕು. ಹೊಟ್ಟೆ ಉಬ್ಬಿ ಮಲ, ಗಾಳಿ ಎರಡೂ ನಿಂತರೂ ಕಾಯಬಾರದು. ಒಂದು ಕಣ್ಣಿನ ದೃಷ್ಟಿ ಥಟ್ಟನೆ ಮಸುಕಾದರೆ ಮುಂದಿನ ಡೋಸ್ ತಡೆದು ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಕಣ್ಣಿನ ನರಕ್ಕೆ ರಕ್ತ ಕಡಿಮೆಯಾಗುವ ತೊಂದರೆಯನ್ನು ಸೆಮಾಗ್ಲುಟೈಡ್‌ನ ಅತಿ ಅಪರೂಪದ ಅಡ್ಡಪರಿಣಾಮವೆಂದು ಸೇರಿಸಬೇಕೆಂದು ಯುರೋಪಿನ ಔಷಧ ಸಂಸ್ಥೆ 2025ರ ಜೂನ್‌ನಲ್ಲಿ ಹೇಳಿತು.

ಕೊಳ್ಳುವುದು, ನಿಲ್ಲಿಸುವುದು, ಎಸೆಯುವುದು

ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಸಿತ್ತು. ಬೇರೆ ಪೆನ್ನಿಗೆ ಲೇಬಲ್ ಅಂಟಿಸಿದ್ದು ಇನ್ಸುಲಿನ್ ಆಗಿದ್ದರೆ ಮೊದಲ ಡೋಸಿಗೇ ಶುಗರ್ ಬಿದ್ದು ಪ್ರಜ್ಞೆ ತಪ್ಪಬಹುದು. ಚೀಟಿ ಕೇಳದೆ ಕೊಡುವ ಅಂಗಡಿ, ವಾಟ್ಸ್ಆಪ್‌ನಲ್ಲಿ ಮಾರುವವರು, ಜಿಮ್‌ನಲ್ಲಿ ಸಿಗುವ "ಪೆಪ್ಟೈಡ್ ಪುಡಿ", ದುಬೈಯಿಂದ ಸೂಟ್‌ಕೇಸಿನಲ್ಲಿ ಬಂದ ಪೆನ್ ಎಲ್ಲವನ್ನೂ ಬಿಡಿ. ಬ್ಯಾಚ್ ನಂಬರ್ ಇರುವ ಬಿಲ್ ಪಡೆದು, ತಂಪು ಪೆಟ್ಟಿಗೆಯಲ್ಲೇ ಮನೆಗೆ ತನ್ನಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರೂ ಪೆನ್ ಮೇಲಿನದೂ ಒಂದೇ ಇರಬೇಕು.

ನಿಲ್ಲಿಸಿದರೆ ಹಸಿವು ಮರಳುತ್ತದೆ. ಸೆಮಾಗ್ಲುಟೈಡ್‌ನ ಸ್ಟೆಪ್-1 ಪ್ರಯೋಗದಲ್ಲಿ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತ್ತು. ಎಷ್ಟು ಕಾಲ, ಯಾವ ಖರ್ಚಿನಲ್ಲಿ ಎಂಬುದನ್ನು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಮಾತಾಡಿಕೊಳ್ಳಬೇಕು. ನಿಲ್ಲಿಸುವಾಗ ತಗ್ಗಿಸಿದ್ದ ಶುಗರ್, ಬಿಪಿ ಮಾತ್ರೆಗಳನ್ನು ಮತ್ತೆ ನೋಡಬೇಕಾಗುತ್ತದೆ.

ಬಳಸಿದ ಸೂಜಿಯನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ; ಪೌರಕಾರ್ಮಿಕರು ಕೈಯಿಂದಲೇ ಬೇರ್ಪಡಿಸುವಾಗ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್‌ನ ಖಾಲಿ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, "ಸೂಜಿ" ಎಂದು ದೊಡ್ಡದಾಗಿ ಬರೆದು, ನೀವು ಹೋಗುವ ಕ್ಲಿನಿಕ್ ಅಥವಾ ಆಸ್ಪತ್ರೆಯಲ್ಲಿ ಕೇಳಿ ಕೊಟ್ಟುಬನ್ನಿ.